ಗುಂಡಿ ಯಾರ ಕೈಯಲ್ಲಿದೆ?



ತನ್ನ ಕೈಯಾರೆ ಒಂದು ವಸ್ತುವನ್ನು ಮಾಡಿ ಮುಗಿಸಿದಾಗ ಮನುಷ್ಯನಿಗಾಗುವ ಸಂತೋಷಕ್ಕೆ ಸಮನಾದುದು ಬೇರೊಂದಿಲ್ಲ. ಕುಂಬಾರನಿಗೆ ಮಡಕೆಯಲ್ಲಿ, ಬಡಗಿಗೆ ಬಾಗಿಲಿನಲ್ಲಿ, ನೇಕಾರನಿಗೆ ಸೀರೆಯ ಸೆರಗಿನಲ್ಲಿ ದೊರೆಯುವ ಆ ತೃಪ್ತಿಯೇ ಇಂದಿನ ಹುಡುಗನಿಗೆ ತಂತಿ, ಸೆಲ್ಲು, ಸ್ವಿಚ್ಚುಗಳಲ್ಲಿ ದೊರೆಯುತ್ತದೆ. ನಾನು ಚಿಕ್ಕವನಾಗಿದ್ದಾಗ ನಮ್ಮೂರಿನ ರೇಡಿಯೋ ರಿಪೇರಿ ಅಂಗಡಿಯ ಮುಂದೆ ಗಂಟೆಗಟ್ಟಲೆ ನಿಂತಿರುತ್ತಿದ್ದೆ. ಬೆಸುಗೆಯಿಂದ ಏಳುವ ಎಳೆಯ ಹೊಗೆ, ಅದರ ರಾಳದ ವಾಸನೆ, ಸತ್ತಂತೆ ಬಿದ್ದಿದ್ದ ಪೆಟ್ಟಿಗೆಯಿಂದ ಒಮ್ಮೆಲೇ ಹೊರಡುವ ಹಾಡು, ಇವು ಇಂದಿಗೂ ನನ್ನ ನೆನಪಿನಲ್ಲಿ ಹಸಿರಾಗಿವೆ. ಸೋಲ್ಡರಿಂಗ್ ಐರನ್ ಹಿಡಿದು ಕುಳಿತ ಹುಡುಗನನ್ನು ಕಂಡರೆ ಈಗಲೂ ಮನಸ್ಸಿಗೆ ಹಿತವಾಗುತ್ತದೆ. ಈ ಮಾತನ್ನು ಮೊದಲೇ ಹೇಳುವುದಕ್ಕೆ ಕಾರಣವಿದೆ. ಮುಂದೆ ನಾನು ಆಡಲಿರುವ ಕಟುಮಾತುಗಳಿಗೆ ಆ ಕೌಶಲ ಗುರಿಯಲ್ಲ. ಆ ಕೌಶಲವನ್ನು ದುಡಿಸಿಕೊಳ್ಳುತ್ತಿರುವ ಒಂದು ಗೀಳು ಗುರಿ.

ಆ ಗೀಳಿನ ಹೆಸರು ವೇಪಿಂಗ್. ನಿಕೋಟಿನ್ ಬೆರೆತ ದ್ರವವನ್ನು ವಿದ್ಯುತ್ತಿನಿಂದ ಕಾಯಿಸಿ, ಅದರಿಂದೇಳುವ ಆವಿಯನ್ನು ಸೇದುವುದಕ್ಕೆ ಈ ಹೆಸರು. ಅಂಗಡಿಯಲ್ಲಿ ಮಾರಲ್ಪಡುವ ಇ-ಸಿಗರೇಟಿನ ಬಗ್ಗೆ ನೀವು ಸಾಕಷ್ಟು ಓದಿರುತ್ತೀರಿ. ನಾನು ಹೇಳಹೊರಟಿರುವುದು ಮನೆಯ ಮೇಜಿನ ಮೇಲೆ ಕೈಯಾರೆ ಜೋಡಿಸಿದ, ಒಂದು ಗುಂಡಿಯನ್ನು ತಿರುಗಿಸಿ ವೋಲ್ಟೇಜನ್ನು ಬೇಕಾದಂತೆ ಏರಿಸಿ ಇಳಿಸಬಲ್ಲ ಸಾಧನದ ಬಗ್ಗೆ. ಅಮೆರಿಕ ಮತ್ತು ಬ್ರಿಟನ್ನಿನ ಹವ್ಯಾಸಿಗಳ ನಡುವೆ ಸುಮಾರು 2008ರಿಂದ 2012ರವರೆಗಿನ ವರ್ಷಗಳಲ್ಲಿ ಇದು ದೊಡ್ಡ ಹುಮ್ಮಸ್ಸಿನಿಂದ ಬೆಳೆಯಿತು. ಇದರ ಪರವಾಗಿ ಆಡಲಾಗುವ ಮಾತುಗಳು ಮೂರು. ಶಾಖ ನನ್ನ ಹತೋಟಿಯಲ್ಲಿದೆ ಎಂಬುದು ಮೊದಲನೆಯದು. ನಾನೇ ಮಾಡಿದ್ದರಿಂದ ಇದು ಸುರಕ್ಷಿತ ಎಂಬುದು ಎರಡನೆಯದು. ತಂಬಾಕಿನ ಕಂಪನಿಗಳ ಹಂಗಿನಿಂದ ನಾನು ಬಿಡುಗಡೆ ಹೊಂದಿದ್ದೇನೆ ಎಂಬುದು ಮೂರನೆಯದು. ಈ ಮೂರೂ ಕೇಳಲು ಇಂಪಾದ ಅರ್ಧಸತ್ಯಗಳು. ಇನ್ನರ್ಧವನ್ನು ಇಂದು ನಿಮ್ಮ ಮುಂದಿಡುತ್ತೇನೆ, ತೀರ್ಮಾನ ನಿಮ್ಮದು.

ಸಾಧನದ ಹುಟ್ಟು

ಆವಿಯ ಸಿಗರೇಟಿನ ಕಲ್ಪನೆ ಹೊಸದೇನಲ್ಲ. ಅಮೆರಿಕದ ಹರ್ಬರ್ಟ್ ಗಿಲ್ಬರ್ಟ್ ಎಂಬಾತ ಹೊಗೆಯಿಲ್ಲದ ಸಿಗರೇಟಿಗೆ 1965ರಲ್ಲಿಯೇ ಪೇಟೆಂಟ್ ಪಡೆದಿದ್ದ. ಆದರೆ ಇಂದಿನ ರೂಪದ ಇ-ಸಿಗರೇಟನ್ನು 2003ರಲ್ಲಿ ಸಿದ್ಧಪಡಿಸಿದವನು ಚೀನಾದ ಔಷಧ ತಜ್ಞ ಹೊನ್ ಲಿಕ್. ಆತ ಸ್ವತಃ ಧೂಮಪಾನಿ. ಆತನ ತಂದೆ ಶ್ವಾಸಕೋಶದ ಕ್ಯಾನ್ಸರಿಗೆ ಬಲಿಯಾದವರು. ಆದ್ದರಿಂದ ಈ ಸಾಧನದ ಮೂಲದಲ್ಲಿ ದುಷ್ಟ ಉದ್ದೇಶವಿತ್ತೆಂದು ನಾನು ಹೇಳಲಾರೆ. ಸುಡುವ ಹೊಗೆಯಿಂದ ತಪ್ಪಿಸಿಕೊಳ್ಳಬೇಕೆಂಬ ನಿಜವಾದ ಸಂಕಟವೇ ಅಲ್ಲಿತ್ತು.

ಮೊದಮೊದಲ ಇ-ಸಿಗರೇಟುಗಳು ಸಿಗರೇಟಿನಷ್ಟೇ ಗಾತ್ರದವು. ಅವುಗಳ ಬ್ಯಾಟರಿ ಚಿಕ್ಕದು, ಬೇಗ ಬರಿದಾಗುತ್ತಿತ್ತು, ಆವಿಯೂ ತೆಳುವಾಗಿತ್ತು. ಇದರಿಂದ ಅತೃಪ್ತರಾದ ಹವ್ಯಾಸಿಗಳು ಅದನ್ನು ಬಿಚ್ಚಿ ನೋಡಿದರು. ಒಳಗಿದ್ದುದು ಒಂದು ಲಿಥಿಯಂ ಸೆಲ್ಲು, ಒಂದು ಸ್ವಿಚ್ಚು, ಒಂದು ಬತ್ತಿ, ಬತ್ತಿಗೆ ಸುತ್ತಿದ ಒಂದು ಕಾಯುವ ತಂತಿ, ಇಷ್ಟೇ. ನಮ್ಮ ಅಡುಗೆಮನೆಯ ವಿದ್ಯುತ್ ಒಲೆಯ ಕಾಯಿಲ್‌ಗೂ ಇದಕ್ಕೂ ತತ್ತ್ವದಲ್ಲಿ ವ್ಯತ್ಯಾಸವಿಲ್ಲ. ಹಾಗಿದ್ದ ಮೇಲೆ ಇದನ್ನು ನಾವೇ ಏಕೆ ಮಾಡಬಾರದು? ಟಾರ್ಚಿನ ಕೊಳವೆಗಳು ಬಂದವು, ಪೆಪ್ಪರ್‌ಮಿಂಟಿನ ತಗಡಿನ ಡಬ್ಬಿಗಳು ಬಂದವು, ಲ್ಯಾಪ್‌ಟಾಪಿನ ಹಳೆಯ ಬ್ಯಾಟರಿಯಿಂದ ಬಿಡಿಸಿದ ದಪ್ಪ ಸೆಲ್ಲುಗಳು ಬಂದವು. ಹೀಗೆ ಮಾರ್ಪಡಿಸಿದ ಸಾಧನಕ್ಕೆ 'ಮಾಡ್' ಎಂಬ ಹೆಸರು ಬಿತ್ತು.

ಆಗ ಹೊಸದೊಂದು ತೊಡಕು ಕಾಣಿಸಿಕೊಂಡಿತು. ಲಿಥಿಯಂ ಸೆಲ್ಲು ಪೂರ್ತಿ ಚಾರ್ಜ್ ಆದಾಗ 4.2 ವೋಲ್ಟ್ ಕೊಡುತ್ತದೆ. ಬಳಸುತ್ತ ಹೋದಂತೆ ಅದು 3.7ಕ್ಕೆ, ಕೊನೆಗೆ 3ರ ಆಸುಪಾಸಿಗೆ ಇಳಿಯುತ್ತದೆ. ಬೆಳಿಗ್ಗೆ ದಟ್ಟವಾಗಿದ್ದ ಆವಿ ಸಂಜೆಗೆ ಸಪ್ಪೆಯಾಗುತ್ತದೆ. ಇದಕ್ಕೆ ಕಂಡುಕೊಂಡ ಪರಿಹಾರ ಜಾಣತನದ್ದು. ಎರಡು ಸೆಲ್ಲುಗಳನ್ನು ಒಂದರ ಹಿಂದೆ ಒಂದು ಜೋಡಿಸಿದರೆ 7.4 ವೋಲ್ಟ್ ಸಿಗುತ್ತದೆ. ಅದನ್ನು ಸಣ್ಣದೊಂದು ರೆಗ್ಯುಲೇಟರ್ ಬಿಲ್ಲೆಯ ಮೂಲಕ ಹಾಯಿಸಿ 3ರಿಂದ 6 ವೋಲ್ಟ್‌ಗಳ ನಡುವೆ ಬೇಕಾದಲ್ಲಿ ನಿಲ್ಲಿಸುವುದು. ಎಲ್ಲಿ ನಿಲ್ಲಬೇಕೆಂಬುದನ್ನು ಹೇಳಲು ಒಂದು ಗುಂಡಿ. ಹಳೆಯ ರೇಡಿಯೋದ ಧ್ವನಿಯನ್ನು ಏರಿಸಿ ಇಳಿಸುತ್ತಿದ್ದ ವಾಲ್ಯೂಮ್ ಕಂಟ್ರೋಲಿನ ಜಾತಿಯದೇ ಅದು. ನನ್ನ ಬಾಲ್ಯದ ಆ ಅಂಗಡಿಯಲ್ಲಿ ಹಾಡನ್ನು ಏರಿಸುತ್ತಿದ್ದ ಗುಂಡಿ ಇಲ್ಲಿ ನಿಕೋಟಿನ್ನಿನ ಆವಿಯನ್ನು ಏರಿಸತೊಡಗಿತು.

ಶಾಖ ಯಾರ ಹತೋಟಿಯಲ್ಲಿ?

ಮೊದಲನೆಯ ಮಾತನ್ನು ತೆಗೆದುಕೊಳ್ಳೋಣ. ಗುಂಡಿ ನನ್ನ ಬೆರಳಿನಲ್ಲಿರುವಾಗ ಶಾಖವೂ ನನ್ನ ಹತೋಟಿಯಲ್ಲಿದೆ ಎಂದು ಹುಡುಗ ನಂಬುತ್ತಾನೆ. ಆದರೆ ಗುಂಡಿ ಅಳೆಯುವುದು ವೋಲ್ಟೇಜನ್ನು, ಶಾಖವನ್ನಲ್ಲ. ಇವೆರಡರ ಸಂಬಂಧ ಸರಳರೇಖೆಯದಲ್ಲ. ಒಂದೇ ತಂತಿಯಲ್ಲಿ ವೋಲ್ಟೇಜ್ ಎರಡರಷ್ಟಾದರೆ ಶಾಖದ ಶಕ್ತಿ ನಾಲ್ಕರಷ್ಟಾಗುತ್ತದೆ ಎಂಬುದನ್ನು ಪ್ರೌಢಶಾಲೆಯಲ್ಲಿಯೇ ಕಲಿಸುತ್ತಾರೆ. 2 ಓಮ್‌ನ ಒಂದು ಸುರುಳಿಗೆ 3.7 ವೋಲ್ಟ್ ಕೊಟ್ಟರೆ ಸುಮಾರು 6.8 ವ್ಯಾಟ್, 5 ವೋಲ್ಟ್ ಕೊಟ್ಟರೆ 12.5 ವ್ಯಾಟ್; 6 ವೋಲ್ಟ್ ಕೊಟ್ಟರೆ 18 ವ್ಯಾಟ್. ವೋಲ್ಟೇಜ್ ಮೂರನೆಯ ಒಂದು ಪಾಲಿನಷ್ಟು ಹೆಚ್ಚಿದಾಗ ಶಕ್ತಿ ಇಮ್ಮಡಿಯ ಹತ್ತಿರಕ್ಕೆ ಬಂದಿರುತ್ತದೆ. ಬೆರಳು ತಿರುಗಿದ್ದು ಕೂದಲೆಳೆಯಷ್ಟು. ಬತ್ತಿಯ ಮೇಲೆ ಬಿದ್ದದ್ದು ಬಂಡಿಯಷ್ಟು.

ಈ ದ್ರವದಲ್ಲಿರುವುದು ಪ್ರೊಪಿಲೀನ್ ಗ್ಲೈಕಾಲ್, ಗ್ಲಿಸರಿನ್, ಪರಿಮಳ ಮತ್ತು ನಿಕೋಟಿನ್. ಬತ್ತಿ ಒದ್ದೆಯಾಗಿರುವವರೆಗೆ ದ್ರವ ಆವಿಯಾಗುತ್ತದೆ. ಬತ್ತಿಗೆ ದ್ರವ ಬಂದು ಸೇರುವುದಕ್ಕಿಂತ ವೇಗವಾಗಿ ತಂತಿ ಕಾದರೆ ಅದು ಒಡೆದು ಫಾರ್ಮಾಲ್ಡಿಹೈಡ್, ಅಕ್ರೊಲೀನ್ ಮುಂತಾದ ವಿಷವಸ್ತುಗಳು ಹುಟ್ಟುತ್ತವೆ. ಒಗ್ಗರಣೆ ಸೀದ ಬಾಣಲೆಯ ಮೇಲೆ ಬಗ್ಗಿ ನಿಂತ ಗೃಹಿಣಿಗೆ ಅಕ್ರೊಲೀನ್ ಎಂಬ ಹೆಸರು ತಿಳಿಯದಿರಬಹುದು. ಆದರೆ ಅದರ ಕಣ್ಣುರಿ ಚೆನ್ನಾಗಿ ತಿಳಿದಿದೆ.

2015ರ ಜನವರಿಯಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡ್ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು 'ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್' ಪತ್ರಿಕೆಯಲ್ಲಿ ಇಂತಹುದೇ ವೋಲ್ಟೇಜ್ ಬದಲಾಯಿಸಬಲ್ಲ ಸಾಧನವೊಂದರ ಪರೀಕ್ಷೆಯ ಫಲವನ್ನು ಪ್ರಕಟಿಸಿದರು. 3.3 ವೋಲ್ಟಿನಲ್ಲಿ ಅವರಿಗೆ ಫಾರ್ಮಾಲ್ಡಿಹೈಡನ್ನು ಬಿಡುವ ಸಂಯುಕ್ತಗಳು ಕಾಣಲಿಲ್ಲ. 5 ವೋಲ್ಟಿನಲ್ಲಿ ಕಂಡವು, ಅದೂ ಗಣನೀಯ ಪ್ರಮಾಣದಲ್ಲಿ. ನ್ಯಾಯವಾಗಿ ಹೇಳಬೇಕಾದರೆ ಇದಕ್ಕೆ ಆಕ್ಷೇಪಣೆಯೂ ಬಂತು. ಆ ಸಾಧನಕ್ಕೆ 5 ವೋಲ್ಟ್ ಅತಿಯಾಯಿತು, ಅಂಥ ಸೀದ ಆವಿಯನ್ನು ಯಾರೂ ಸೇದಲಾರರು, ನಾಲಿಗೆಯೇ ಬೇಡವೆನ್ನುತ್ತದೆ ಎಂದು ಬೇರೆ ಸಂಶೋಧಕರು ವಾದಿಸಿದರು. ಆ ಆಕ್ಷೇಪಣೆಯನ್ನು ನಾನು ಒಪ್ಪುತ್ತೇನೆ. ಒಪ್ಪಿಯೇ ಕೇಳುತ್ತೇನೆ: ಹಾಗಾದರೆ ಮನೆಯಲ್ಲಿ ಮಾಡಿದ ಈ ಸಾಧನದಲ್ಲಿ ಶಾಖವನ್ನು ಅಳೆಯುವ ಉಪಕರಣ ಯಾವುದು? ಹುಡುಗನ ನಾಲಿಗೆ! ಅದು ಸೀದು ಕಹಿಯಾದಾಗ ಮಾತ್ರ ಎಚ್ಚರಿಸುವ ಥರ್ಮಾಮೀಟರು. ಕಹಿಯಾಗುವ ಮುನ್ನ ಎಷ್ಟು ಒಳಗೆ ಹೋಗಿತ್ತೆಂಬುದನ್ನು ಹೇಳುವವರಿಲ್ಲ. ಇದನ್ನು ಹತೋಟಿ ಎಂದು ಕರೆಯುವುದಾದರೆ ಕಣ್ಣು ಕಟ್ಟಿಕೊಂಡು ಬೈಕು ಓಡಿಸುವುದನ್ನೂ ಹಾಗೆಯೇ ಕರೆಯಬಹುದು.

ಬೆಸುಗೆಯ ಮಾತೂ ಇದೆ. ಹಳೆಯ ಬಗೆಯ ಸೋಲ್ಡರಿನಲ್ಲಿ ತವರದೊಡನೆ ಸೀಸವಿರುತ್ತದೆ. 2013ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ರಿವರ್‌ಸೈಡ್ ಸಂಶೋಧಕರು ಇ-ಸಿಗರೇಟಿನ ಆವಿಯಲ್ಲಿ ತವರದ ಕಣಗಳನ್ನು ಕಂಡರು. ಒಳಗಿನ ಬೆಸುಗೆಯ ಗಂಟುಗಳತ್ತ ಅವರು ಬೊಟ್ಟುಮಾಡಿದರು. ಅದು ಕಾರ್ಖಾನೆಯಲ್ಲಿ ತಯಾರಾದ ವಸ್ತು. ರೇಡಿಯೋದೊಳಗೆ ಬೆಸುಗೆ ಒಡೆದರೆ ಹಾಡು ನಿಲ್ಲುತ್ತದೆ, ಅಷ್ಟೇ. ಉಸಿರಿನ ದಾರಿಯಲ್ಲಿ ಹಾಕಿದ ಬೆಸುಗೆಯ ಲೆಕ್ಕ ಬೇರೆ.

ಜೋಡೆತ್ತಿನ ಲೆಕ್ಕ

ಎರಡನೆಯ ಮಾತು, ನಾನೇ ಮಾಡಿದ್ದರಿಂದ ಇದು ಸುರಕ್ಷಿತ ಎಂಬುದು. ಕೈಯಾರೆ ಮಾಡಿದವನಿಗೆ ತನ್ನ ವಸ್ತುವಿನ ಒಳಗುಟ್ಟು ತಿಳಿದಿರುತ್ತದೆ, ನಿಜ. ಆದರೆ ಸೆಲ್ಲಿನ ಒಳಗುಟ್ಟು ತಿಳಿದಿರುತ್ತದೆಯೇ? ಈ ಸಾಧನಗಳಲ್ಲಿ ಹೆಚ್ಚಾಗಿ ಬಳಕೆಯಾದ ಸೆಲ್ಲಿಗೆ 18650 ಎಂಬ ಸಂಖ್ಯೆಯೇ ಹೆಸರು. 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ. ಲ್ಯಾಪ್‌ಟಾಪಿನ ಬ್ಯಾಟರಿಯೊಳಗೆ ಇವು ಸಾಲಾಗಿ ಕುಳಿತಿರುವಾಗ ಅವುಗಳ ಮೇಲೆ ಒಂದು ಕಾವಲು ಸರ್ಕ್ಯೂಟ್ ಇರುತ್ತದೆ. ಅತಿಯಾಗಿ ಚಾರ್ಜ್ ಆಗದಂತೆ, ಅತಿಯಾಗಿ ಬರಿದಾಗದಂತೆ, ಅತಿಯಾದ ಕರೆಂಟು ಹರಿಯದಂತೆ ಅದು ನೋಡಿಕೊಳ್ಳುತ್ತದೆ. ಸೆಲ್ಲನ್ನು ಬಿಡಿಸಿ ತೆಗೆದವನು ಕಾವಲುಗಾರನನ್ನು ಅಲ್ಲಿಯೇ ಬಿಟ್ಟು ಖಜಾನೆಯನ್ನು ಮಾತ್ರ ಹೊತ್ತು ತಂದಂತಾಯಿತು.

ಮೇಲಾಗಿ ಇಲ್ಲಿ ಬೇಕಾಗಿರುವುದು ಎರಡು ಸೆಲ್ಲುಗಳು. ಒಂದು ನೊಗಕ್ಕೆ ಬಲವಾದ ಎತ್ತನ್ನೂ ಬಡಕಲು ಎತ್ತನ್ನೂ ಕಟ್ಟಿದರೆ ಏನಾಗುತ್ತದೆಂದು ನಮ್ಮ ರೈತರಿಗೆ ಹೇಳಿಕೊಡಬೇಕಾಗಿಲ್ಲ. ಒಂದು ಸುಸ್ತಾಗಿ ನಿಂತರೂ ಇನ್ನೊಂದು ಎಳೆಯುತ್ತಲೇ ಇರುತ್ತದೆ. ವಯಸ್ಸೂ ಕಸುವೂ ಹೊಂದದ ಎರಡು ಸೆಲ್ಲುಗಳನ್ನು ಸಾಲಾಗಿ ಜೋಡಿಸಿದಾಗ ದುರ್ಬಲವಾದದ್ದು ಮೊದಲು ಬರಿದಾಗುತ್ತದೆ. ಆದರೂ ಬಲವಾದದ್ದು ಅದರ ಮೂಲಕ ಕರೆಂಟನ್ನು ನೂಕುತ್ತದೆ, ಅದನ್ನು ತಿರುಗುಮುರುಗಾಗಿ ಚಾರ್ಜ್ ಮಾಡಲು ಹೊರಡುತ್ತದೆ. ಹೀಗೆ ಒಳಗೇ ಕೆಟ್ಟ ಸೆಲ್ಲು ಮುಂದೊಂದು ದಿನ ಹೇಳದೆ ಕೇಳದೆ ಕಾಯತೊಡಗುತ್ತದೆ. ಒಂದು ಹಂತವನ್ನು ದಾಟಿದ ಮೇಲೆ ಅದರ ಶಾಖವೇ ಇನ್ನಷ್ಟು ಶಾಖವನ್ನು ಹುಟ್ಟಿಸುತ್ತದೆ. ಆಗ ಯಾವ ಗುಂಡಿಯೂ ಅದನ್ನು ನಿಲ್ಲಿಸಲಾರದು.

ಇನ್ನು ತಂತಿಯ ಸುರುಳಿಯನ್ನು ಗಿಡ್ಡ ಮಾಡಿ, ನಿಯಂತ್ರಣದ ಬಿಲ್ಲೆಯನ್ನೂ ಕಿತ್ತೊಗೆದು, ಸೆಲ್ಲಿನಿಂದ ನೇರವಾಗಿ ಸುರುಳಿಗೆ ಕರೆಂಟು ಹರಿಸುವ ಧೀರರೂ ಇದ್ದಾರೆ. 0.1 ಓಮ್‌ನ ಸುರುಳಿಗೆ 4.2 ವೋಲ್ಟ್ ಕೊಟ್ಟರೆ 42 ಆಂಪಿಯರ್. ಬಲವಾದ ಸೆಲ್ಲುಗಳೂ ನಿರಂತರವಾಗಿ ತಾಳುವುದು 20, 30 ಆಂಪಿಯರ್. ಹಳೆಯ ಲ್ಯಾಪ್‌ಟಾಪಿನ ಸೆಲ್ಲು ಅದರ ಹತ್ತಿರಕ್ಕೂ ಬರುವುದಿಲ್ಲ. ಅಮೆರಿಕದ ಅಗ್ನಿಶಾಮಕ ಆಡಳಿತವು ಪತ್ರಿಕಾ ವರದಿಗಳಿಂದ ಕಲೆಹಾಕಿ 2017ರಲ್ಲಿ ಪ್ರಕಟಿಸಿದ ಲೆಕ್ಕದಂತೆ 2009ರಿಂದ 2016ರವರೆಗೆ ಆ ದೇಶದಲ್ಲಿ ಇ-ಸಿಗರೇಟಿನ ಬೆಂಕಿ ಮತ್ತು ಸ್ಫೋಟದ 195 ಪ್ರಸಂಗಗಳು ನಡೆದವು; 133 ಮಂದಿ ಗಾಯಗೊಂಡರು. ಅವುಗಳಲ್ಲಿ ಅನೇಕವು ಪ್ಯಾಂಟಿನ ಜೇಬಿನಲ್ಲಿ ನಡೆದವು. 2018ರ ಮೇ ತಿಂಗಳಲ್ಲಿ ಫ್ಲಾರಿಡಾದಲ್ಲಿ ಒಬ್ಬ, 2019ರ ಜನವರಿಯಲ್ಲಿ ಟೆಕ್ಸಾಸಿನಲ್ಲಿ 24 ವರ್ಷದ ಇನ್ನೊಬ್ಬ, ಬಾಯಿಯ ಬಳಿ ಸಾಧನ ಸಿಡಿದು ಸತ್ತರು. 2021ರ ಜನವರಿಯಲ್ಲಿ ಆ ದೇಶದ ಗ್ರಾಹಕ ಸುರಕ್ಷತಾ ಆಯೋಗವು ಬಿಡಿ 18650 ಸೆಲ್ಲುಗಳನ್ನು ಕೊಳ್ಳಲೂಬೇಡಿ, ಬಳಸಲೂಬೇಡಿ ಎಂದು ಸಾರ್ವಜನಿಕರಿಗೆ ಎಚ್ಚರಿಕೆ ಕೊಟ್ಟಿತು. ಜೇಬಿನಲ್ಲಿರುವ ಒಂದು ನಾಣ್ಯ, ಒಂದು ಬೀಗದ ಕೈ, ಸೆಲ್ಲಿನ ಎರಡು ತುದಿಗಳನ್ನು ಮುಟ್ಟಿದರೆ ಸಾಕು.

ಮೂರನೆಯ ಮಾತು: ಬಿಡುಗಡೆ

ಮೂರನೆಯದೇ ಇವುಗಳಲ್ಲಿ ಹೆಚ್ಚು ಮೋಹಕವಾದುದು. ತಂಬಾಕಿನ ದೊಡ್ಡ ಕಂಪನಿಗಳಿಗೆ ಒಂದು ಕಾಸನ್ನೂ ಕೊಡದೆ, ನನ್ನ ಸಾಧನವನ್ನು ನಾನೇ ಮಾಡಿಕೊಂಡಿದ್ದೇನೆ, ನಾನು ಸ್ವತಂತ್ರ ಎಂಬ ಹೆಮ್ಮೆ. ಹವ್ಯಾಸಿಗಳಲ್ಲಿ ಅನೇಕರು ಪ್ರಾಮಾಣಿಕವಾಗಿ ಹೀಗೆ ನಂಬಿದ್ದರು. ನಡೆದದ್ದೇನು? ಅವರ ಮೇಜಿನ ಮೇಲೆ ಹುಟ್ಟಿದ ಗುಂಡಿ ಕೆಲವೇ ವರ್ಷಗಳಲ್ಲಿ ಅಂಗಡಿಯ ಸರಕಾಯಿತು. ಅವರು ಕಡಿದು ಮಾಡಿದ ಕಾಲುದಾರಿ ವ್ಯಾಪಾರದ ಹೆದ್ದಾರಿಯಾಯಿತು. 2015ರಲ್ಲಿ ಗುಂಡಿಯೂ ಇಲ್ಲದ, ಪೆನ್ ಡ್ರೈವಿನಂತೆ ಕಾಣುವ ಜೂಲ್ ಎಂಬ ಸಾಧನ ಅಮೆರಿಕದ ಮಾರುಕಟ್ಟೆಗೆ ಬಂತು. 2018ರ ಡಿಸೆಂಬರಿನಲ್ಲಿ ಮಾರ್ಲ್‌ಬರೋ ಸಿಗರೇಟಿನ ಒಡೆತನವುಳ್ಳ ಆಲ್ಟ್ರಿಯಾ ಕಂಪನಿ 12.8 ಶತಕೋಟಿ ಡಾಲರ್ ತೆತ್ತು ಅದರ ಶೇಕಡ 35ರಷ್ಟು ಪಾಲನ್ನು ಕೊಂಡಿತು. 2019ರ ವೇಳೆಗೆ ಅಮೆರಿಕದ ಪ್ರೌಢಶಾಲೆಗಳ ವಿದ್ಯಾರ್ಥಿಗಳಲ್ಲಿ ಶೇಕಡ 27.5ರಷ್ಟು ಮಂದಿ ವೇಪಿಂಗ್ ಮಾಡುತ್ತಿದ್ದರು. ಆಮೇಲೆ ಆ ಸಂಖ್ಯೆ ಇಳಿದಿದೆ, 2024ರಲ್ಲಿ ಶೇಕಡ 7.8ಕ್ಕೆ ಬಂದಿದೆ; ಆ ನಡುವಿನ ಮಕ್ಕಳ ಲೆಕ್ಕ ಕೊಡುವವರು ಯಾರು? ತಂಬಾಕಿನ ಕಂಪನಿಯಿಂದ ಓಡಿಹೋದವರ ಹೆಜ್ಜೆಗುರುತನ್ನು ಹಿಡಿದುಕೊಂಡೇ ತಂಬಾಕಿನ ಕಂಪನಿ ಬಂದು ಸೇರಿತು.

ಕಂಪನಿಗಳ ಮಾತು ಹಾಗಿರಲಿ. ನಿಜವಾದ ಯಜಮಾನ ಕಂಪನಿಯಲ್ಲ, ನಿಕೋಟಿನ್. ಸೇದಿದ ಕೆಲವೇ ಸೆಕೆಂಡುಗಳಲ್ಲಿ ಅದು ಮಿದುಳನ್ನು ಮುಟ್ಟುತ್ತದೆ. ರಕ್ತದಲ್ಲಿ ಅದರ ಮಟ್ಟ ಇಳಿದಾಗ ಮನಸ್ಸು ಚಡಪಡಿಸುತ್ತದೆ. ತಂಬಾಕಿನ ಬಗ್ಗೆ ಅಧ್ಯಯನ ಮಾಡಿದವರು ಬಹಳ ಹಿಂದೆಯೇ ಕಂಡುಕೊಂಡ ಸಂಗತಿಯೊಂದಿದೆ: ಸಿಗರೇಟಿನಲ್ಲಿ ನಿಕೋಟಿನ್ ಕಡಿಮೆ ಮಾಡಿ ಕೊಟ್ಟರೆ ಧೂಮಪಾನಿ ತನಗರಿವಿಲ್ಲದೆಯೇ ಆಳವಾಗಿ ಸೇದಿ, ಹೆಚ್ಚು ಸಲ ಸೇದಿ, ತನ್ನ ಹಳೆಯ ಪಾಲನ್ನು ತುಂಬಿಕೊಳ್ಳುತ್ತಾನೆ. ಈಗ ಅವನ ಕೈಗೆ ಒಂದು ಗುಂಡಿಯನ್ನೂ ಕೊಟ್ಟರೆ? ಆವಿ ಸಪ್ಪೆಯಾಯಿತೆಂದು ಅವನು ಅದನ್ನು ತುಸು ಏರಿಸುತ್ತಾನೆ. ನಾಳೆ ಇನ್ನೂ ತುಸು. ಗುಂಡಿಯನ್ನು ತಿರುಗಿಸುತ್ತಿರುವುದು ಬೆರಳು, ಒಪ್ಪಿದೆ. ಆದರೆ ಬೆರಳನ್ನು ತಿರುಗಿಸುತ್ತಿರುವುದು ನಿಕೋಟಿನ್. ಇದೇ ಈ ಲೇಖನದ ಶೀರ್ಷಿಕೆಗೆ ನನ್ನ ಉತ್ತರ.

ಊರುಗೋಲು ಆಭರಣವಾದಾಗ

ಇಲ್ಲಿ ಒಂದು ಎದುರುವಾದವನ್ನು ಗೌರವದಿಂದ ಕೇಳಬೇಕಾಗಿದೆ. ಸುಡುವ ಸಿಗರೇಟಿಗಿಂತ ಆವಿ ಕಡಿಮೆ ಹಾನಿಕರವಲ್ಲವೇ? ಹೌದು. ಬ್ರಿಟನ್ನಿನ ಸಾರ್ವಜನಿಕ ಆರೋಗ್ಯ ಸಂಸ್ಥೆ 2015ರಲ್ಲಿಯೇ ಹಾಗೆಂದು ಹೇಳಿತು. ಸಿಗರೇಟು ಬಿಡಬಯಸುವ ವಯಸ್ಕರಿಗೆ ನಿಕೋಟಿನ್ ಪಟ್ಟಿ, ಚ್ಯೂಯಿಂಗ್ ಗಮ್‌ಗಳಿಗಿಂತ ಇ-ಸಿಗರೇಟು ಹೆಚ್ಚು ನೆರವಾಗುತ್ತದೆಂದು ಕಾಕ್ರೇನ್ ಸಂಸ್ಥೆಯ ವೈದ್ಯಕೀಯ ಪರಾಮರ್ಶೆಗಳೂ ತಿಳಿಸಿವೆ. ಮೂವತ್ತು ವರ್ಷ ಸೇದಿ ಎದೆ ಕೆಡಿಸಿಕೊಂಡವನು ಅದರ ಸಹಾಯದಿಂದ ಸಿಗರೇಟನ್ನು ಬಿಟ್ಟಿದ್ದರೆ ಅವನನ್ನು ಹೀಯಾಳಿಸುವ ಹಕ್ಕು ನನಗಿಲ್ಲ.

ಆದರೆ ಊರುಗೋಲಿನ ಧರ್ಮವೇನು? ಕಾಲು ಗಟ್ಟಿಯಾದ ದಿನ ಅದನ್ನು ಮೂಲೆಗಿಡಬೇಕು. ಔಷಧಿಯ ಗುರಿ ತನ್ನ ಅಗತ್ಯವನ್ನೇ ಕೊನೆಗಾಣಿಸುವುದು. ಹವ್ಯಾಸದ ಗುರಿ ಇದಕ್ಕೆ ತೀರ ವಿರುದ್ಧ; ಅದು ಮುಂದುವರಿಯಬೇಕು, ಬೆಳೆಯಬೇಕು, ಪ್ರತಿವರ್ಷ ಹೊಸದಾಗಬೇಕು. ಊರುಗೋಲಿಗೆ ಬೆಳ್ಳಿಯ ಕಟ್ಟು ಹಾಕಿಸಿ, ಕೆತ್ತನೆ ಮಾಡಿಸಿ, ನೆರೆಹೊರೆಯವರಿಗೆ ತೋರಿಸುತ್ತ ಹೋಗುವವನು ಅದನ್ನು ಎಂದು ಮೂಲೆಗಿಟ್ಟಾನು? ತಾನೇ ಕಟ್ಟಿದ, ತಾನೇ ಬಣ್ಣ ಬಳಿದ, ವೋಲ್ಟೇಜ್ ತೋರಿಸುವ ಸಣ್ಣ ಪರದೆಯನ್ನು ತಾನೇ ಕೂರಿಸಿದ ಸಾಧನವನ್ನು ಎಸೆಯಲು ಯಾರಿಗೆ ಮನಸ್ಸು ಬರುತ್ತದೆ? ಇಲ್ಲಿಯೇ ಈ ಕುಶಲಕಲೆಯ ದುರಂತವಿದೆ. ಕೈಯ ಪ್ರೀತಿ ವ್ಯಸನಕ್ಕೆ ಗೊಬ್ಬರವಾಗುತ್ತದೆ. ಅಂಗಡಿಯಿಂದ ತಂದ ಕೆಟ್ಟ ವಸ್ತುವನ್ನು ಬಿಡುವುದು ಸುಲಭ. ಹೆತ್ತ ಕೂಸಿನಂತೆ ಸಾಕಿದ ಕೆಟ್ಟ ವಸ್ತುವನ್ನು ಬಿಡುವುದು ಬಹು ಕಷ್ಟ. ಇನ್ನು ಸಿಗರೇಟನ್ನೇ ಮುಟ್ಟದ ಹುಡುಗ ಕೇವಲ ಎಲೆಕ್ಟ್ರಾನಿಕ್ಸಿನ ಕುತೂಹಲದಿಂದ ಇದನ್ನು ಮಾಡಿ ಬಾಯಿಗಿಟ್ಟರೆ, ಇಲ್ಲದ ಗಾಯಕ್ಕೆ ಊರುಗೋಲು ಕೊಂಡು ಕುಂಟಲು ಕಲಿತಂತೆ.

ನಮ್ಮ ಪಾಲಿನ ತಪ್ಪು

ಈಗ ಹಿರಿಯರಾದ ನಮ್ಮ ಕಡೆಗೆ ತಿರುಗುತ್ತೇನೆ. ಕರ್ನಾಟಕ ಸರ್ಕಾರ 2016ರಲ್ಲಿಯೇ ಇ-ಸಿಗರೇಟನ್ನು ನಿಷೇಧಿಸಿತು. 2019ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ಸುಗ್ರೀವಾಜ್ಞೆ ಹೊರಡಿಸಿತು. ಅದೇ ವರ್ಷದ ಕೊನೆಗೆ ಅದು ಕಾಯ್ದೆಯಾಯಿತು. ತಯಾರಿಕೆ, ಆಮದು, ಸಾಗಣೆ, ಮಾರಾಟ, ದಾಸ್ತಾನು, ಜಾಹೀರಾತು ಎಲ್ಲವೂ ಅಪರಾಧ. ದಾಸ್ತಾನನ್ನು ಬಿಟ್ಟು ಉಳಿದವಕ್ಕೆ ಮೊದಲ ಸಲ ಒಂದು ವರ್ಷದವರೆಗೆ ಸೆರೆ ಅಥವಾ ಒಂದು ಲಕ್ಷ ರೂಪಾಯಿಯವರೆಗೆ ದಂಡ ಅಥವಾ ಎರಡೂ. ಬಿಡಿಭಾಗಗಳನ್ನು ಜೋಡಿಸುವುದನ್ನೂ ಕಾಯ್ದೆಯು ತಯಾರಿಕೆಯೆಂದೇ ಪರಿಗಣಿಸುತ್ತದೆ. ಹಾಸ್ಟೆಲಿನ ಕೋಣೆಯಲ್ಲಿ ಇದನ್ನು ಜೋಡಿಸುವ ವಿದ್ಯಾರ್ಥಿಗೆ ಈ ಸಂಗತಿ ತಿಳಿದಿರಲೇಬೇಕು.

ಕಾನೂನು ಬಂತು, ಕೆಲಸ ಮುಗಿಯಿತು ಎಂದು ನಾವು ನಿದ್ದೆ ಹೋದೆವು. ಕಾನೂನು ಅಂಗಡಿಯ ಬಾಗಿಲನ್ನು ಮುಚ್ಚಬಲ್ಲುದು, ಮೇಜಿನ ಡ್ರಾಯರನ್ನು ಮುಚ್ಚಲಾರದು. ಸೆಲ್ಲು ನಿರಪರಾಧಿ, ತಂತಿ ನಿರಪರಾಧಿ, ಗುಂಡಿ ನಿರಪರಾಧಿ; ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಇವನ್ನು ಕೊಳ್ಳುವುದು ತಪ್ಪಲ್ಲ, ತಪ್ಪಾಗಲೂಬಾರದು. ಇವೆಲ್ಲ ಒಂದಾಗಿ ಏನಾಗಬೇಕೆಂಬುದನ್ನು ತೀರ್ಮಾನಿಸುವುದು ಹುಡುಗನ ಅಂತಃಸಾಕ್ಷಿ. ಅದನ್ನು ಬೆಳೆಸುವ ಹೊಣೆಯನ್ನು ನಾವು ಪೊಲೀಸರಿಗೆ ಒಪ್ಪಿಸಿ ಕೈತೊಳೆದುಕೊಳ್ಳಬಹುದೇ?

ಮಾತಾಡುವ ನೈತಿಕ ಬಲವಾದರೂ ನಮಗಿದೆಯೇ? ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ ತಂಬಾಕಿನಿಂದ ಭಾರತದಲ್ಲಿ ವರ್ಷಕ್ಕೆ ಸುಮಾರು 13.5 ಲಕ್ಷ ಜನ ಸಾಯುತ್ತಾರೆ. ಆ ಬೀಡಿ, ಸಿಗರೇಟು, ಜರ್ದಾ ಬೀದಿಯ ತುದಿಯ ಗೂಡಂಗಡಿಯಲ್ಲಿ ಸಿಗುತ್ತವೆ. ಮೈಸೂರು ಜಿಲ್ಲೆಯ ಹುಣಸೂರು, ಪಿರಿಯಾಪಟ್ಟಣಗಳಲ್ಲಿ ಹೊಗೆಸೊಪ್ಪಿನ ಬ್ಯಾರನ್‌ಗಳು ಉರಿಯುತ್ತಲೇ ಇವೆ. ಬೀಡಿ ಹಚ್ಚಿಕೊಂಡ ಅಪ್ಪ ಮಗನ ಕೈಯಿಂದ ವೇಪ್ ಕಿತ್ತುಕೊಂಡು ಬುದ್ಧಿ ಹೇಳಿದರೆ ಮಗ ಮುಖ ತಿರುಗಿಸಿ ನಗದೆ ಇರುತ್ತಾನೆಯೇ? ನಮ್ಮ ಕೈಯ ಬೆಂಕಿ ಆರಿಸದೆ ಅವರ ಕೈಯ ಆವಿಯನ್ನು ಆರಿಸಲಾರೆವು.

ಇನ್ನೊಂದು ತಪ್ಪನ್ನೂ ಒಪ್ಪಿಕೊಳ್ಳೋಣ. ಮಕ್ಕಳ ಕೈಗೆ ಪುಸ್ತಕ ಕೊಟ್ಟೆವು, ಅಂಕಪಟ್ಟಿ ಕೇಳಿದೆವು. ಕೈಕೆಲಸವನ್ನು ಹೀನವೆಂದು ಕಂಡೆವು. ಓಮ್‌ನ ನಿಯಮವನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡಿದ ಹುಡುಗ, ಅದು ನಿಜವಾಗಿ ಕೆಲಸ ಮಾಡುವುದನ್ನು ಮೊತ್ತಮೊದಲು ಕಂಡದ್ದು ನಿಕೋಟಿನ್ನಿನ ಬತ್ತಿಯಲ್ಲಿ ಎಂದಾದರೆ ನಾಚಬೇಕಾದವರು ಯಾರು?

ಅದೇ ಸೆಲ್ಲು, ಬೇರೆ ಬೆಳಕು

ಬೈಗುಳದಿಂದ ಲೇಖನವನ್ನು ಮುಗಿಸುವುದು ನನಗೆ ಇಷ್ಟವಿಲ್ಲ. ಬೆಂಗಳೂರಿನಲ್ಲಿ ನಡೆದ ಒಂದು ಕೆಲಸವನ್ನು ಹೇಳುತ್ತೇನೆ. ಐಬಿಎಂ ಸಂಸ್ಥೆಯ ಭಾರತೀಯ ಸಂಶೋಧನಾ ವಿಭಾಗದವರು 2014ರಲ್ಲಿ ಬಿಸಾಡಿದ ಲ್ಯಾಪ್‌ಟಾಪ್ ಬ್ಯಾಟರಿಗಳನ್ನು ತಂದು ಬಿಚ್ಚಿದರು. ಕೆಟ್ಟ ಸೆಲ್ಲುಗಳನ್ನು ಪರೀಕ್ಷಿಸಿ ಬೇರ್ಪಡಿಸಿದರು. ಉಳಿದವುಗಳಿಗೆ ಕಾವಲು ಸರ್ಕ್ಯೂಟ್ ಜೋಡಿಸಿ, ವಿದ್ಯುತ್ ಸೌಲಭ್ಯ ವಂಚಿತರಾದ ಕೆಲವರ ಕೈಗೆ ಎಲ್‌ಇಡಿ ದೀಪದೊಡನೆ ಕೊಟ್ಟು ನೋಡಿದರು. 'ಉರ್ಜಾರ್' ಎಂದು ಅದಕ್ಕೆ ಹೆಸರು. ತಾವು ಪರೀಕ್ಷಿಸಿದ ಬಿಸಾಡಿದ ಬ್ಯಾಟರಿಗಳಲ್ಲಿ ಶೇಕಡ 70ರಷ್ಟು, ದಿನಕ್ಕೆ ನಾಲ್ಕು ಗಂಟೆಯಂತೆ ಒಂದು ವರ್ಷ ದೀಪ ಉರಿಸಲು ಸಾಲುವಷ್ಟು ಕಸುವನ್ನು ಉಳಿಸಿಕೊಂಡಿದ್ದವೆಂದು ಅವರು ತಿಳಿಸಿದರು.

ಗಮನಿಸಿ, ಹವ್ಯಾಸಿ ಬಿಡಿಸಿಕೊಂಡ ಸೆಲ್ಲೂ ಇದೇ, ಸಂಶೋಧಕ ಬಿಡಿಸಿಕೊಂಡ ಸೆಲ್ಲೂ ಇದೇ. ಒಬ್ಬ ಕಾವಲನ್ನು ಕಿತ್ತ, ಇನ್ನೊಬ್ಬ ಕಾವಲನ್ನು ಕಟ್ಟಿದ. ಒಬ್ಬನ ಕೈಯಲ್ಲಿ ಅದು ತನ್ನ ಎದೆಯೊಳಗೆ ಇಳಿಯುವ ಆವಿಯಾಯಿತು. ಇನ್ನೊಬ್ಬನ ಕೈಯಲ್ಲಿ ಮತ್ತೊಬ್ಬರ ಮನೆಯ ಬೆಳಕಾಯಿತು.

ಯುವ ಮಿತ್ರರೇ, ನಿಮ್ಮ ಸೋಲ್ಡರಿಂಗ್ ಐರನ್ನನ್ನು ಕೆಳಗಿಡಿ ಎಂದು ನಾನು ಹೇಳುತ್ತಿಲ್ಲ. ಆ ರೆಗ್ಯುಲೇಟರಿನ ಬಿಲ್ಲೆಯಿಂದ, ಆ ಗುಂಡಿಯಿಂದ, ನಿಮ್ಮ ಕಾಲೇಜಿನ ಪ್ರಯೋಗಶಾಲೆಗೆ ಬೇಕಾದ ವೋಲ್ಟೇಜ್ ಕೊಡುವ ಪವರ್ ಸಪ್ಲೈ ಮಾಡಿ. ಅಜ್ಜಿಯ ಮಂಚದ ಪಕ್ಕದ ದೀಪವನ್ನು ಮಂದಗೊಳಿಸುವ ಉಪಕರಣ ಮಾಡಿ. ಕೆಟ್ಟು ನಿಂತ ನೆರೆಮನೆಯ ರೇಡಿಯೋವನ್ನು ಹಾಡಿಸಿ. ಈಗಾಗಲೇ ನಿಕೋಟಿನ್ನಿಗೆ ಸಿಕ್ಕಿಬಿದ್ದಿದ್ದರೆ ನಾಚಿಕೆಪಡದೆ ವೈದ್ಯರ ಬಳಿಗೆ ಹೋಗಿ; ಬಿಡಿಸುವ ಔಷಧಿಗಳಿವೆ, ಬಿಟ್ಟವರೂ ಇದ್ದಾರೆ. ತಂದೆತಾಯಿಗಳೇ, ಮಗನ ಮೇಜಿನ ಮೇಲೆ ಸೆಲ್ಲು, ತಂತಿ ಕಂಡೊಡನೆ ಕೂಗಾಡಬೇಡಿ. ಪಕ್ಕದಲ್ಲಿ ಕುಳಿತು, 'ಏನು ಮಾಡ್ತಾ ಇದೀಯಪ್ಪಾ, ನನಗೂ ತೋರಿಸು' ಎಂದು ಕೇಳಿ. ತೋರಿಸಲು ಹಿಂಜರಿಯದ ಕೆಲಸವನ್ನೇ ಮಾಡುವ ಅಭ್ಯಾಸ ಅಲ್ಲಿಂದಲೇ ಆರಂಭವಾದೀತು.

ಗುಂಡಿ ಚಿಕ್ಕದು, ಬೆರಳಿನ ತುದಿಗೆ ಸಿಗುವಂಥದು. ಅದನ್ನು ತಿರುಗಿಸುವ ಮುನ್ನ ಪ್ರತಿಯೊಬ್ಬನೂ ತನ್ನನ್ನು ತಾನೇ ಒಮ್ಮೆ ಕೇಳಿಕೊಳ್ಳಲಿ: ಇದನ್ನು ತಿರುಗಿಸದೆ ಒಂದು ದಿನ ಇರಬಲ್ಲೆನೇ? ಇರಬಲ್ಲೆನೆಂದಾದರೆ ಗುಂಡಿ ಅವನ ಕೈಯಲ್ಲಿದೆ. ಇರಲಾರೆನೆಂದಾದರೆ ಅವನೇ ಗುಂಡಿಯ ಕೈಯಲ್ಲಿದ್ದಾನೆ.